ಕೋಷ್ಟಕ ಬೊಮ್ಮಸಂದ್ರ ಎನ್ನುತ್ತಿದೆ, ಮನಸ್ಸು ಕೆಂಗೇರಿ ಎನ್ನುತ್ತಿದೆ

ಪ್ರಶ್ನೆ (ಪತ್ರದ ಸಾರಾಂಶ): ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹೆಂಡತಿ ಜಯನಗರದಲ್ಲಿ ಕೆಲಸ ಮಾಡುತ್ತೇವೆ. ಮಗಳು ಬರುವ ವರ್ಷ ಐದನೇ ತರಗತಿ. ತಾಯಿ ನಮ್ಮೊಂದಿಗೇ ಇದ್ದಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ನಾಲ್ಕು ವರ್ಷಗಳಿಂದ ಕೆಂಗೇರಿ ಹತ್ತಿರದ ಒಂದೇ ಆಸ್ಪತ್ರೆ, ಒಬ್ಬರೇ ವೈದ್ಯರು. ಪ್ರತಿ ಸಲವೂ ನಮ್ಮಲ್ಲೊಬ್ಬರು ಜೊತೆಗೆ ಹೋಗುತ್ತೇವೆ. ಮನೆ ಕೊಳ್ಳಲು ಮೂರು ಫ್ಲ್ಯಾಟ್ ನೋಡಿದ್ದೇವೆ: ಬೊಮ್ಮಸಂದ್ರದ್ದು 78 ಲಕ್ಷ, ಕೆಂಗೇರಿಯದ್ದು 84 ಲಕ್ಷ, ಬನಶಂಕರಿ ಆರನೇ ಹಂತದ್ದು 88 ಲಕ್ಷ. ನಮ್ಮಿಬ್ಬರ ಕಚೇರಿ ಓಡಾಟ ಸೇರಿಸಿದರೆ ದಿನಕ್ಕೆ ಕ್ರಮವಾಗಿ 130, 240, 190 ನಿಮಿಷ. ಆಸ್ಪತ್ರೆಗೆ ಹೋಗಲು 70, 15, 30 ನಿಮಿಷ. ಬೊಮ್ಮಸಂದ್ರದಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರ್ ನೀರು, ಉಳಿದೆರಡರಲ್ಲಿ ಕಾವೇರಿ.

ಭಾವನೆಗೆ ಒಳಗಾಗಬಾರದೆಂದು ಒಂದು ಕೋಷ್ಟಕ ಮಾಡಿದೆ. ಬೆಲೆಗೆ 30, ಪ್ರಯಾಣಕ್ಕೆ 25, ತಾಯಿಯ ಅನುಕೂಲಕ್ಕೆ 15, ನೀರಿಗೆ 10, ಶಾಲೆಗೆ 10, ಮರುಮಾರಾಟಕ್ಕೆ 5, ದಾಖಲೆಗಳಿಗೆ 5, ಹೀಗೆ ಒಟ್ಟು ನೂರು ತೂಕ. ಪ್ರತಿ ಮನೆಗೂ ಪ್ರತಿ ಅಂಶದಲ್ಲೂ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ಗುಣಿಸಿ ಕೂಡಿದಾಗ ಬೊಮ್ಮಸಂದ್ರಕ್ಕೆ 715, ಕೆಂಗೇರಿಗೆ 675, ಬನಶಂಕರಿಗೆ 645 ಬಂತು. ಆದರೆ ನಮ್ಮಿಬ್ಬರಿಗೂ ಕೆಂಗೇರಿಯ ಕಡೆಗೇ ಮನಸ್ಸು. ಲೆಕ್ಕವನ್ನು ನಂಬಬೇಕೇ, ಮನಸ್ಸನ್ನೇ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ, ಮುಂಗಡವನ್ನೂ ಕೊಡಬೇಡಿ. ನಿಮ್ಮ ಗುಣಾಕಾರ, ಸಂಕಲನ ಸರಿಯಾಗಿವೆ. ತಪ್ಪಿರುವುದು ಅದಕ್ಕೂ ಒಂದು ಹೆಜ್ಜೆ ಹಿಂದೆ, ತೂಕ ಕೊಡುವಾಗ ನಿಮ್ಮನ್ನು ನೀವು ಕೇಳಿಕೊಂಡ ಪ್ರಶ್ನೆಯಲ್ಲಿ. ಅದನ್ನು ತಿದ್ದಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಅಷ್ಟೇ ಅಲ್ಲ, ಈ ನಿರ್ಧಾರ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲದ ಒಂದು ವಿಷಯದ ಮೇಲೆ ನಿಂತಿದೆ ಎಂಬುದೂ ಕಾಣುತ್ತದೆ.

ಬೆಲೆಗೆ 30 ಕೊಟ್ಟಿದ್ದೀರಿ. ಏಕೆ? ಮನೆ ಕೊಳ್ಳುವವರಿಗೆ ಬೆಲೆ ಎಲ್ಲಕ್ಕಿಂತ ಮುಖ್ಯ ಎಂಬ ಕಾರಣಕ್ಕೆ ಎಂದು ತೋರುತ್ತದೆ. ಸಾಮಾನ್ಯವಾಗಿ ಅದು ನಿಜ. ಆದರೆ ನಿಮ್ಮ ಮುಂದಿರುವುದು ಮನೆ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲ. 78 ಲಕ್ಷವನ್ನಂತೂ ಯಾವ ಮನೆಯಾದರೂ ಕೊಡಲೇಬೇಕು. ಹಾಗಾಗಿ ಬೆಲೆಯ ಕಾಲಂನಲ್ಲಿ ತೂಗಬೇಕಾದದ್ದು ಅತಿ ಅಗ್ಗದ ಮನೆಗೂ ಅತಿ ದುಬಾರಿ ಮನೆಗೂ ನಡುವಿನ 10 ಲಕ್ಷವನ್ನು ಮಾತ್ರ. ಆ 30 ಎಂಬ ಸಂಖ್ಯೆ ಹುಟ್ಟಿದ್ದು ಇಡೀ 80 ಚಿಲ್ಲರೆ ಲಕ್ಷದ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡು.

ಈ ಕೋಷ್ಟಕದ ಪದ್ಧತಿಯಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ. ಒಂದು ಅಂಶ ಎಷ್ಟು ಮುಖ್ಯ ಎಂಬ ಪ್ರಶ್ನೆಗೆ, ಆಯ್ಕೆಗಳ ನಡುವೆ ಆ ಅಂಶದಲ್ಲಿ ಎಷ್ಟು ಅಂತರವಿದೆ ಎಂದು ತಿಳಿಯದೆ ಉತ್ತರವೇ ಇಲ್ಲ. ಮೂರೂ ಮನೆಗೆ ಒಂದೇ ಬೆಲೆಯಿದ್ದಿದ್ದರೆ ಬೆಲೆಗೆ ಸೊನ್ನೆ ತೂಕ ಕೊಟ್ಟರೂ ನಡೆಯುತ್ತಿತ್ತು. ಆಗ ಹಣ ಮುಖ್ಯವಲ್ಲ ಎಂದೇನೂ ಅರ್ಥವಾಗುತ್ತಿರಲಿಲ್ಲ. ಈ ಮೂರರಲ್ಲಿ ಒಂದನ್ನು ಆರಿಸಲು ಹಣದಿಂದ ಸಹಾಯವಾಗುವುದಿಲ್ಲ ಎಂದಷ್ಟೇ ಆಗುತ್ತಿತ್ತು.

ಮಕ್ಕಳು ಸಿಇಟಿ ಬರೆದ ಮನೆಗಳಿಗೆ ಇದು ಬೇಗ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ. ಒಬ್ಬ ವಿದ್ಯಾರ್ಥಿನಿಗೆ ಪಿಯುಸಿಯಲ್ಲಿ ಶೇ 97, ಸಿಇಟಿಯಲ್ಲಿ ಶೇ 60 ಬಂದಿದೆ. ಇನ್ನೊಬ್ಬಳಿಗೆ ಶೇ 94 ಮತ್ತು ಶೇ 80 ಎಂದಿಟ್ಟುಕೊಳ್ಳಿ. ಸರಾಸರಿ ಮೊದಲನೆಯವಳಿಗೆ 78.5, ಎರಡನೆಯವಳಿಗೆ 87. ನಿಯಮದ ಪ್ರಕಾರ ತೂಕ ಸಮಸಮ. ಆದರೆ ಪಿಯುಸಿಯಲ್ಲಿ ಇಬ್ಬರ ನಡುವೆ ಮೂರೇ ಅಂಕ, ಸಿಇಟಿಯಲ್ಲಿ ಇಪ್ಪತ್ತು. ರ‍್ಯಾಂಕನ್ನು ತೀರ್ಮಾನಿಸಿದ್ದು ಸಿಇಟಿಯೇ. ಚೆನ್ನಾಗಿ ಓದುವ ಮಕ್ಕಳ ಪಿಯುಸಿ ಅಂಕಗಳು ಮೇಲ್ತುದಿಯಲ್ಲಿ ಒತ್ತೊತ್ತಾಗಿ ಬಂದಷ್ಟೂ ಆ ಅರ್ಧ ತೂಕ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಈಗ ನಿಮ್ಮ ಕೋಷ್ಟಕವನ್ನು ಹತ್ತಿರದಿಂದ ನೋಡೋಣ. ಬೆಲೆಯಲ್ಲಿ ಬೊಮ್ಮಸಂದ್ರಕ್ಕೆ 9, ಕೆಂಗೇರಿಗೆ 7 ಅಂಕ ಕೊಟ್ಟಿದ್ದೀರಿ. ಎರಡು ಅಂಕದ ವ್ಯತ್ಯಾಸ, 30 ತೂಕ. ಆರು ಲಕ್ಷದ ಉಳಿತಾಯಕ್ಕೆ ಸಿಕ್ಕಿದ್ದು 60. ತಾಯಿಯ ಅನುಕೂಲದಲ್ಲಿ ಬೊಮ್ಮಸಂದ್ರಕ್ಕೆ 5, ಕೆಂಗೇರಿಗೆ 8. ಮೂರು ಅಂಕದ ವ್ಯತ್ಯಾಸ, 15 ತೂಕ, ಸಿಕ್ಕಿದ್ದು 45. ಅಂದರೆ ತಾಯಿ ವಾರಕ್ಕೆ ಎರಡು ದಿನ, ಹೋಗುವಾಗ 55 ನಿಮಿಷ, ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬರುವಾಗ ಮತ್ತೆ 55 ನಿಮಿಷ ಹೆಚ್ಚಿಗೆ ಕಾರಿನಲ್ಲಿ ಕೂರುವುದಕ್ಕಿಂತ ಆರು ಲಕ್ಷ ಉಳಿಸುವುದು ದೊಡ್ಡದು ಎಂದು ನಿಮ್ಮ ಕೋಷ್ಟಕ ಹೇಳಿದೆ. ಕೆಲವು ಕುಟುಂಬಗಳಲ್ಲಿ ಹಣದ ಪರಿಸ್ಥಿತಿಯಿಂದಾಗಿ ಅದೇ ಸರಿಯಾದ ಉತ್ತರವಾಗಿರಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನ್ನ ಪ್ರಶ್ನೆ ಬೇರೆ: ನಿಮ್ಮಿಬ್ಬರನ್ನು ಎದುರಿಗೆ ಕೂರಿಸಿಕೊಂಡು ಈ ಮಾತನ್ನು ನೇರವಾಗಿ ಕೇಳಿದ್ದರೆ ಹೌದು ಎನ್ನುತ್ತಿದ್ದಿರಾ? ಪತ್ರದ ಧಾಟಿ ನೋಡಿದರೆ ಇಲ್ಲ ಎಂದೇ ತೋರುತ್ತದೆ. ನಿಮ್ಮ ಮನಸ್ಸು ಕೋಷ್ಟಕದ ಜೊತೆ ಜಗಳಕ್ಕೆ ನಿಂತಿರುವುದು ಇಲ್ಲಿಯೇ, ಮತ್ತು ಅದರ ತಕರಾರು ನ್ಯಾಯವಾದದ್ದು.

ತೂಕವನ್ನು ಸರಿಯಾಗಿ ಕೊಡುವ ವಿಧಾನ ಹೀಗಿದೆ. ಎಲ್ಲದರಲ್ಲೂ ಅತಿ ಕೆಟ್ಟದ್ದೇ ಕೂಡಿಬಂದ ಒಂದು ಮನೆಯನ್ನು ಊಹಿಸಿಕೊಳ್ಳಿ: ಬೆಲೆ 88 ಲಕ್ಷ, ಇಬ್ಬರ ಓಡಾಟ 240 ನಿಮಿಷ, ಆಸ್ಪತ್ರೆ 70 ನಿಮಿಷ ದೂರ, ಟ್ಯಾಂಕರ್ ನೀರು, ಮೂರರಲ್ಲಿ ನಿಮಗೆ ಕಡಿಮೆ ಹಿಡಿಸಿದ ಶಾಲೆ. ಇವುಗಳಲ್ಲಿ ಒಂದನ್ನು ಮಾತ್ರ ಅತಿ ಕೆಟ್ಟದ್ದರಿಂದ ಅತಿ ಒಳ್ಳೆಯದಕ್ಕೆ ಏರಿಸಿಕೊಳ್ಳಬಹುದು ಎಂದರೆ ಮೊದಲು ಯಾವುದನ್ನು ಏರಿಸುತ್ತೀರಿ? ಅದಕ್ಕೆ 100. ಆಮೇಲೆ ಯಾವುದು, ಮೊದಲಿನದಕ್ಕೆ ಹೋಲಿಸಿದರೆ ಅದು ಎಷ್ಟು? ಹೀಗೆ ಕೊನೆಯವರೆಗೆ. ಅಂಕ ಕೊಡುವಾಗಲೂ ಅದೇ ಅಳತೆ: ಪ್ರತಿ ಕಾಲಂನಲ್ಲಿ ಮೂರರಲ್ಲಿ ಕೆಟ್ಟದ್ದಕ್ಕೆ 0, ಒಳ್ಳೆಯದಕ್ಕೆ 100, ನಡುವಿನದಕ್ಕೆ ಅನುಪಾತದಂತೆ. ಬೆಲೆಯಲ್ಲಿ ಬೊಮ್ಮಸಂದ್ರಕ್ಕೆ 100, ಬನಶಂಕರಿಗೆ 0, ನಡುವಿನ ಕೆಂಗೇರಿಗೆ 40.

ಇದನ್ನು ಗಂಡ ಹೆಂಡತಿ ಬೇರೆ ಬೇರೆ ಕುಳಿತು, ಬೇರೆ ಬೇರೆ ಹಾಳೆಯಲ್ಲಿ, ಒಟ್ಟು ಮೊತ್ತ ಕೂಡುವ ಮೊದಲೇ ಬರೆಯಿರಿ. ಮೊತ್ತ ನೋಡಿದ ಮೇಲೆ ತೂಕ ಮುಟ್ಟಿದರೆ ಕೆಂಗೇರಿಯನ್ನು ಗೆಲ್ಲಿಸುವ ತನಕ ಕೈ ನಿಲ್ಲುವುದಿಲ್ಲ. ಎರಡು ಹಾಳೆಗಳು ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನೀವಿಬ್ಬರೂ ಮಾತನಾಡಬೇಕಾದ ವಿಷಯವಿದೆ.

ಅದಕ್ಕೂ ಮೊದಲು ಎರಡು ಕಾಲಂಗಳನ್ನು ತೆಗೆಯಬೇಕು. ಮರುಮಾರಾಟ ಮೊದಲನೆಯದು. ಮುಂದೆ ಮನೆಗೆ ಒಳ್ಳೆಯ ಬೆಲೆ ಬರುವುದು ಮೆಟ್ರೊ, ನೀರು, ಶಾಲೆ, ಆಸ್ಪತ್ರೆ ಹತ್ತಿರವಿರುವುದರಿಂದ. ಅವೆಲ್ಲಕ್ಕೂ ನೀವು ಆಗಲೇ ಅಂಕ ಕೊಟ್ಟಿದ್ದೀರಿ; ಮತ್ತೆ ಕೊಟ್ಟರೆ ಒಂದೇ ಗುಣವನ್ನು ಎರಡು ಸಲ ಎಣಿಸಿದಂತೆ. ಜೊತೆಗೆ, ಇದ್ದು ಬಾಳುವುದಕ್ಕೆಂದು ಕೊಳ್ಳುವ ಮನೆಯ ಹದಿನೈದು ವರ್ಷದ ನಂತರದ ಬೆಲೆ ಬರೀ ಊಹೆ.

ದಾಖಲೆಗಳ ಕಾಲಂ ಇನ್ನೂ ಅಪಾಯಕಾರಿ. ಕೂಡುವ ಪದ್ಧತಿಯಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚುವರಿ ತುಂಬಿಕೊಡುತ್ತದೆ. ಓಡಾಟ ಜಾಸ್ತಿಯಾದರೆ ನೀರು ಚೆನ್ನಾಗಿದೆ ಎಂದು ಸಮಾಧಾನಪಡಬಹುದು. ಆದರೆ ಕ್ರಯದ ಹಿಂದಿನ ಹಕ್ಕುಪತ್ರದಲ್ಲಿ ತಕರಾರು ಇದ್ದರೆ ಶಾಲೆ ಹತ್ತಿರ ಎಂಬುದು ಅದಕ್ಕೆ ಪರಿಹಾರವಲ್ಲ. ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿಯಾಗುವುದಿಲ್ಲ. ಕಟ್ಟಡಕ್ಕೆ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಇಂಥವು ಬಾಗಿಲಲ್ಲೇ ತಡೆಯುವ ಷರತ್ತುಗಳು. ಇದ್ದರೆ ಮನೆ ಕೋಷ್ಟಕದ ಒಳಗೆ, ಇಲ್ಲದಿದ್ದರೆ ಹೊರಗೆ. ಬನಶಂಕರಿಯ ಫ್ಲ್ಯಾಟಿಗೆ ದಾಖಲೆಯಲ್ಲಿ 6 ಕೊಟ್ಟು ಕಾರಣ ಬರೆದಿಲ್ಲ. ಹತ್ತಕ್ಕೆ ಆರು ಸರಿಯಿರುವ ಹಕ್ಕುಪತ್ರ ಎಂಬುದು ಇರುವುದಿಲ್ಲ. ಋಣಭಾರ ಪತ್ರ, ಮೂಲ ಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸಿ, ಆ ಮನೆ ಉಳಿಯುತ್ತದೆಯೇ ಹೋಗುತ್ತದೆಯೇ ಎಂದು ಮೊದಲು ತೀರ್ಮಾನಿಸಿ. ಹೋದರೆ ಉಳಿದೆರಡರ ನಡುವಿನ ಅಂತರಗಳನ್ನು ಹೊಸದಾಗಿ ತೂಗಿ, ಏಕೆಂದರೆ ಆಗ ಬೆಲೆಯ ಅಂತರ 10 ಲಕ್ಷವಲ್ಲ, ಆರು.

ಉಳಿದ ಐದು ಕಾಲಂಗಳಲ್ಲಿ, ನಿಮ್ಮ ಪತ್ರದಿಂದ ನಾನು ಊಹಿಸಿದ ತೂಕ ಇದು: ತಾಯಿಯ ಆಸ್ಪತ್ರೆ ಓಡಾಟ 100, ನಿಮ್ಮಿಬ್ಬರ ಓಡಾಟ 90, ಬೆಲೆ 60, ನೀರು 40, ಶಾಲೆ 20. ನೀರು, ಶಾಲೆ ಎರಡರಲ್ಲೂ ಕೆಂಗೇರಿಗೆ 100, ಬೊಮ್ಮಸಂದ್ರಕ್ಕೆ 0; ನೀರಿನಲ್ಲಿ ಬನಶಂಕರಿಗೆ 80, ಶಾಲೆಯಲ್ಲಿ 50 ಎಂದು ನಿಮ್ಮದೇ ಅಂಕಗಳಿಂದ ಇಳಿಸಿಕೊಂಡಿದ್ದೇನೆ. ಹೀಗೆ ಲೆಕ್ಕ ಹಾಕಿದರೆ ನೂರಕ್ಕೆ ಕೆಂಗೇರಿಗೆ 59, ಬನಶಂಕರಿಗೆ 50, ಬೊಮ್ಮಸಂದ್ರಕ್ಕೆ 48. ಮೊದಲಿದ್ದದ್ದು ಕೊನೆಗೆ ಬಂತು.

ನೂರು, ತೊಂಬತ್ತು ಎಂಬುವು ನನ್ನ ಊಹೆ, ನಿಮ್ಮವು ಬೇರೆಯೇ ಇರಬಹುದು. ಆದ್ದರಿಂದ 59ಕ್ಕಿಂತ ಮುಖ್ಯವಾದ ಲೆಕ್ಕ ಮುಂದಿದೆ. ಯಾವ ತೂಕವನ್ನು ಎಷ್ಟು ಬದಲಿಸಿದರೆ ಬೊಮ್ಮಸಂದ್ರ ಮತ್ತೆ ಕೆಂಗೇರಿಯನ್ನು ಹಿಂದೆ ಹಾಕುತ್ತದೆ? ಶಾಲೆಯ ತೂಕವನ್ನು ಪೂರ್ತಿ ಸೊನ್ನೆ ಮಾಡಿದರೂ ಆಗದು. ನೀರಿನ ತೂಕವಾದರೆ 40ರಿಂದ 6ಕ್ಕಿಂತ ಕೆಳಗೆ, ಹೆಚ್ಚುಕಡಿಮೆ ಸೊನ್ನೆಗೇ ಇಳಿಯಬೇಕು. ಬೆಲೆಯ ತೂಕ 60ರಿಂದ ಸುಮಾರು ಎರಡು ಪಟ್ಟು, 116 ದಾಟಬೇಕು. ನಿಮ್ಮ ಓಡಾಟದ ತೂಕ 90ರಿಂದ 124 ದಾಟಬೇಕು. ಇಲ್ಲವೇ ತಾಯಿಯ ಕಾಲಂ 100ರಿಂದ 66ಕ್ಕಿಂತ ಕೆಳಗಿಳಿಯಬೇಕು. ಶಾಲೆಯ ಬಗ್ಗೆ ನೀವು ಪತ್ರದಲ್ಲಿ ಅರ್ಧ ಪುಟ ಬರೆದಿದ್ದೀರಿ. ಈ ಆಯ್ಕೆಯ ಮಟ್ಟಿಗೆ ಅದು ಅನಗತ್ಯ ಚಿಂತೆ, ಬಿಟ್ಟುಬಿಡಿ.

ಸಂಖ್ಯೆಗಳ ಮೇಲೆ ನಂಬಿಕೆ ಬಾರದಿದ್ದರೆ ಇದನ್ನೇ ಇನ್ನೊಂದು ಹಳೆಯ ದಾರಿಯಲ್ಲಿ ಪರೀಕ್ಷಿಸಬಹುದು. 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಶೆಲ್ಬರ್ನ್ ಎಂಬ ಬ್ರಿಟಿಷ್ ರಾಜಕಾರಣಿಯ ಬಳಿ ಕೆಲಸಕ್ಕೆ ಸೇರುವ ಆಹ್ವಾನ ಬಂದಿತ್ತು. ಆತ ಸಲಹೆ ಕೇಳಿದಾಗ ಬೆಂಜಮಿನ್ ಫ್ರಾಂಕ್ಲಿನ್, ವಿಷಯ ಪೂರ್ತಿ ಗೊತ್ತಿಲ್ಲದ ತಾನು ಏನು ಮಾಡಬೇಕೆಂದು ಹೇಳಲಾರೆ, ಹೇಗೆ ನಿರ್ಧರಿಸಬೇಕೆಂದು ಬೇಕಾದರೆ ಹೇಳುತ್ತೇನೆ ಎಂದು ಉತ್ತರ ಬರೆದ. ಹಾಳೆಯ ಒಂದು ಬದಿ ಪರ, ಇನ್ನೊಂದು ಬದಿ ವಿರೋಧ. ಮೂರು ನಾಲ್ಕು ದಿನ ತೋಚಿದ್ದನ್ನೆಲ್ಲ ಬರೆದು, ಎರಡೂ ಬದಿಯಲ್ಲಿ ಸಮಭಾರದ ಕಾರಣಗಳನ್ನು ಜೋಡಿ ಜೋಡಿಯಾಗಿ ಹೊಡೆದುಹಾಕುತ್ತ ಬಂದರೆ ಕೊನೆಗೆ ಉಳಿದದ್ದು ದಾರಿ ತೋರುತ್ತದೆ ಎಂಬುದು ಅವನ ವಿಧಾನ.

ಬೊಮ್ಮಸಂದ್ರ, ಕೆಂಗೇರಿ ಎರಡನ್ನೇ ಹಾಳೆಯ ಎರಡು ಬದಿಗೆ ಇಟ್ಟುಕೊಳ್ಳಿ. ಆರು ಲಕ್ಷವನ್ನು ಶೇ 8.5 ಬಡ್ಡಿಗೆ 20 ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು ಸುಮಾರು 5,200 ರೂಪಾಯಿ. ನೋಂದಣಿ ಖರ್ಚು ಸೇರಿಸಿದರೆ ಇನ್ನು ಸ್ವಲ್ಪ ಹೆಚ್ಚು. ಅದರ ಎದುರಿಗೆ ಟ್ಯಾಂಕರ್ ನೀರನ್ನು ಇಡಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗಳಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಗಿ ಬಂದ ದಿನಗಳನ್ನು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ಬೊಮ್ಮಸಂದ್ರದ ಆ ಕಟ್ಟಡದಲ್ಲಿ ನೀರಿಗೆ ಕೊಡುವ ತಿಂಗಳ ಹಣ ಮತ್ತು ಏಪ್ರಿಲ್ ತಿಂಗಳ ಆತಂಕ, ಎರಡೂ ಸೇರಿ 5,200 ರೂಪಾಯಿಗೆ ಸಮ ಎನಿಸಿದರೆ ಬೆಲೆಯನ್ನೂ ನೀರನ್ನೂ ಒಟ್ಟಿಗೆ ಹೊಡೆದುಹಾಕಿ. ಶಾಲೆ ಸಣ್ಣದು, ಬದಿಗಿಡಿ. ಉಳಿಯುವುದು ಎರಡೇ: ಒಂದು ಬದಿಗೆ ನಿಮ್ಮಿಬ್ಬರ ಓಡಾಟ, ಇನ್ನೊಂದು ಬದಿಗೆ ತಾಯಿಯದು.

ನಿಮ್ಮ ಓಡಾಟದಲ್ಲಿ ದಿನಕ್ಕೆ 110 ನಿಮಿಷ, ಐದು ದಿನಕ್ಕೆ 9 ಗಂಟೆ 10 ನಿಮಿಷ ಬೊಮ್ಮಸಂದ್ರದಲ್ಲಿ ಉಳಿಯುತ್ತದೆ. ತಾಯಿಗೆ ಕೆಂಗೇರಿಯಲ್ಲಿ ವಾರಕ್ಕೆ 220 ನಿಮಿಷ ಉಳಿಯುತ್ತದೆ. ಜೊತೆಗೆ ಹೋಗುವವರದ್ದೂ ಅಷ್ಟೇ, ಒಟ್ಟು 7 ಗಂಟೆ 20 ನಿಮಿಷ. ನಿಮ್ಮ ಪ್ರಯಾಣದ ಕಾಲಂನಲ್ಲಿ ಕಚೇರಿಯ ಓಡಾಟ ಮಾತ್ರ ಇತ್ತು. ಆಸ್ಪತ್ರೆಗೆ ಜೊತೆಗೆ ಹೋಗುವ ನಿಮ್ಮದೇ ಗಂಟೆಗಳು ಎಲ್ಲೂ ಸೇರಿರಲಿಲ್ಲ. ಒಂಬತ್ತು ಗಂಟೆಗೆ ಏಳು ಗಂಟೆ ಹತ್ತಿರ ಹತ್ತಿರವೇ. ಆರೋಗ್ಯವಂತರು ಮೆಟ್ರೊದಲ್ಲಿ ಕುಳಿತ ಒಂದು ಗಂಟೆಯೂ ನಾಲ್ಕು ಗಂಟೆ ಯಂತ್ರಕ್ಕೆ ಜೋಡಿಸಿಕೊಂಡು ಎದ್ದುಬಂದ ವೃದ್ಧೆಯ ಒಂದು ಗಂಟೆಯೂ ಒಂದೇ ಅಲ್ಲ ಎಂದು ನಿಮ್ಮ ಮನಸ್ಸಿಗೆ ಗೊತ್ತಿದೆ. ಕೆಂಗೇರಿ ಎನ್ನುತ್ತಿರುವುದು ಆ ತಿಳಿವಳಿಕೆಯೇ, ಅದನ್ನು ಬರಿಯ ಭಾವನೆ ಎಂದು ತಳ್ಳಿಹಾಕಬೇಡಿ.

ಆದರೆ ಕೆಂಗೇರಿಗೆ ಮುಂಗಡ ಕೊಡಿ ಎಂದು ನಾನಿನ್ನೂ ಹೇಳುತ್ತಿಲ್ಲ. ಲೆಕ್ಕವೆಲ್ಲ ಹರಿದುಬಂದು ನಿಂತಿರುವುದು ತಾಯಿಯ ಕಾಲಂನ ಮೇಲೆ, ಆ ಕಾಲಂ ನಿಂತಿರುವುದು ಆಸ್ಪತ್ರೆ ಬದಲಾಗುವುದಿಲ್ಲ ಎಂಬ ಒಂದು ಊಹೆಯ ಮೇಲೆ. ಬೊಮ್ಮಸಂದ್ರದ ಸುತ್ತ ದೊಡ್ಡ ಆಸ್ಪತ್ರೆಗಳಿವೆ ಎಂಬುದು ಬೆಂಗಳೂರಿಗರೆಲ್ಲರಿಗೂ ಗೊತ್ತು. ಡಯಾಲಿಸಿಸ್ ಅಲ್ಲಿಗೇ ಬದಲಾಯಿಸಬಹುದೇ ಎಂಬ ಮಾತು ನಿಮ್ಮ ಪತ್ರದಲ್ಲಿಲ್ಲ.

ಬದಲಾಯಿಸಬಹುದು, 15 ನಿಮಿಷದ ದೂರದಲ್ಲಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ ಆಸ್ಪತ್ರೆಯ ದೂರ ಬೊಮ್ಮಸಂದ್ರದಲ್ಲಿ 15, ಕೆಂಗೇರಿಯಲ್ಲಿ 15, ಬನಶಂಕರಿಯಲ್ಲಿ 30 ನಿಮಿಷ. ಅತಿ ಕೆಟ್ಟದ್ದಕ್ಕೂ ಅತಿ ಒಳ್ಳೆಯದಕ್ಕೂ ನಡುವೆ 55ರ ಬದಲು 15 ನಿಮಿಷ ಮಾತ್ರ ಉಳಿಯಿತು. ಕಾಲಂನ ತೂಕ 100ರಿಂದ 20ರ ಸುಮಾರಿಗೆ ಇಳಿಯುತ್ತದೆ. ತಾಯಿಯ ಮೇಲಿನ ಅಕ್ಕರೆ ಎಳ್ಳಷ್ಟೂ ಕಡಿಮೆಯಾಗಿಲ್ಲ, ಅವರ ವಿಷಯದಲ್ಲಿ ಮನೆ ಮನೆಗೆ ಇದ್ದ ಅಂತರ ಕಡಿಮೆಯಾಯಿತು ಅಷ್ಟೇ. ಹೊಸ ಲೆಕ್ಕದಲ್ಲಿ ಬೊಮ್ಮಸಂದ್ರಕ್ಕೆ 74, ಕೆಂಗೇರಿಗೆ 45, ಬನಶಂಕರಿಗೆ 36. ಆಗ ನನ್ನ ಸಲಹೆ ಸಂಶಯವಿಲ್ಲದೆ ಬೊಮ್ಮಸಂದ್ರ.

ಕ್ರಮಬದ್ಧವಾಗಿ ಹೋಲಿಸುವುದರಿಂದ ಸಿಗುವ ದೊಡ್ಡ ಲಾಭ ಇದು ಎಂದು ನಾನು ಬಲವಾಗಿ ನಂಬಿದ್ದೇನೆ. ಮೂರು ಮನೆ, ಏಳು ಅಂಶ, ಇಪ್ಪತ್ತೊಂದು ಅಂಕಗಳ ಗೊಂದಲದಲ್ಲಿ ನಿಜವಾಗಿ ತಿಳಿದುಕೊಳ್ಳಬೇಕಾದ ಸಂಗತಿ ಒಂದೇ ಒಂದು ಎಂದು ಅದು ತೋರಿಸಿತು. ಇಂಟೀರಿಯರ್, ಕ್ಲಬ್‌ಹೌಸ್, ಎಷ್ಟನೇ ಮಹಡಿ ಎಂದು ಇನ್ನೂ ನಾಲ್ಕು ಕಾಲಂ ಸೇರಿಸಿ ಲೆಕ್ಕವನ್ನು ಉದ್ದ ಮಾಡುವುದರಿಂದ ನಿಮಗೆ ಏನೂ ಸಿಗುವುದಿಲ್ಲ.

ತೂಕ 90ಓ 85ಓ ಎಂದು ತಲೆಕೆಡಿಸಿಕೊಳ್ಳುವವರಿಗೆ ಇನ್ನೊಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬಿನ್ ಡಾಸ್ 1979ರಲ್ಲಿ ತೋರಿಸಿಕೊಟ್ಟಂತೆ, ಸರಿಯಾದ ಅಂಶಗಳನ್ನು ಆರಿಸಿ, ಅವುಗಳನ್ನು ಒಂದೇ ಅಳತೆಗೆ ತಂದುಕೊಂಡರೆ, ಎಲ್ಲಕ್ಕೂ ಸಮ ತೂಕ ಕೊಟ್ಟರೂ ಅಂದಾಜು ಬಹಳಷ್ಟು ಸಂದರ್ಭಗಳಲ್ಲಿ ಚೆನ್ನಾಗಿಯೇ ಬರುತ್ತದೆ. ಇಲ್ಲಿ ಒಂದೇ ಅಳತೆಗೆ ತರುವುದು ಎಂದರೆ ಹರವನ್ನು, ಅಂದರೆ ಆಯ್ಕೆಗಳ ನಡುವಿನ ಅಂತರವನ್ನು, ಲೆಕ್ಕಕ್ಕೆ ತೆಗೆದುಕೊಳ್ಳುವುದು. ನೀವು ಬಿಟ್ಟ ಹೆಜ್ಜೆ ಅದೇ. ಅಂಶಗಳನ್ನು ಎರಡೆರಡಾಗಿ ಹೋಲಿಸಿ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವ ಥಾಮಸ್ ಸಾಟಿಯವರ ವಿಧಾನವನ್ನು ಕಚೇರಿಯಲ್ಲಿ ನೀವು ನೋಡಿರಬಹುದು. ಅದನ್ನು ಬಳಸಿದರೂ ಎಷ್ಟರಿಂದ ಎಷ್ಟಕ್ಕೆ ಎಂದು ಹೇಳದೆ ಬೆಲೆ ಮುಖ್ಯವೋ ನೀರು ಮುಖ್ಯವೋ ಎಂದು ಕೇಳಿದರೆ ಇದೇ ದೋಷ ಬೇರೆ ರೂಪದಲ್ಲಿ ಬರುತ್ತದೆ.

ಈ ವಾರ ಮಾಡಬೇಕಾದ ಕೆಲಸಗಳು ಕಡಿಮೆ. ತಾಯಿಯವರ ವೈದ್ಯರನ್ನು ಕಂಡು, ಚಿಕಿತ್ಸೆಯನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸಬಹುದೇ, ಅದರಲ್ಲಿ ಅಪಾಯವೇನು ಎಂದು ಕೇಳಿ. ಬೊಮ್ಮಸಂದ್ರದ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ಪಾಳಿ ಸಿಗುತ್ತದೆಯೇ, ಯಾವ ಹೊತ್ತಿನಲ್ಲಿ, ನಿಮ್ಮ ವಿಮೆ ಅಲ್ಲಿ ನಡೆಯುತ್ತದೆಯೇ ವಿಚಾರಿಸಿ. ರಾತ್ರಿ ಪಾಳಿ ಮಾತ್ರ ಖಾಲಿ ಇದೆ ಎಂದರೆ ಅದನ್ನು 15 ನಿಮಿಷದ ದೂರ ಎಂದು ಬರೆದುಕೊಳ್ಳಬೇಡಿ. ಕಚೇರಿಯ ಓಡಾಟದ ನಿಮಿಷಗಳನ್ನು ಭಾನುವಾರ ನಕ್ಷೆ ನೋಡಿ ಬರೆದಿದ್ದರೆ, ಒಂದು ಸೋಮವಾರ ಬೆಳಿಗ್ಗೆ ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ನೋಡಿ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಹಳೆಯ ಅಂದಾಜುಗಳು ಬಹಳ ಬದಲಾಗಿವೆ.

ಎಲ್ಲಕ್ಕಿಂತ ಮೊದಲು ತಾಯಿಯವರನ್ನೇ ಕೇಳಿ. ಅವರ ಹೆಸರಿನ ಕಾಲಂಗೆ ಅಂಕ ಕೊಟ್ಟವರು ನೀವಿಬ್ಬರು. ನಾಲ್ಕು ವರ್ಷದ ವೈದ್ಯರು, ಪರಿಚಯದ ದಾದಿಯರು, ಪಕ್ಕದ ಹಾಸಿಗೆಯಲ್ಲಿ ಪ್ರತಿ ಸಲ ಸಿಗುವವರು, ಇವೆಲ್ಲ ಅವರಿಗೆ ಎಷ್ಟು ದೊಡ್ಡದು ಎಂದು ಅವರೇ ಹೇಳಬೇಕು. ಮಕ್ಕಳಿಗೆ ತೊಂದರೆಯಾಗಬಾರದೆಂದು ಯಾವುದಾದರೂ ಸರಿ ಎಂದುಬಿಡುತ್ತಾರೆ, ಹಾಗಾಗಿ ಯಾವ ಮನೆ ಬೇಕು ಎಂದು ಕೇಳಬೇಡಿ. ಈ ಆಸ್ಪತ್ರೆ ಬಿಡಬೇಕಾಗಿ ಬಂದರೆ ಏನನಿಸುತ್ತದೆ ಎಂದು ಕೇಳಿ. ಬಿಡಲಾರೆ ಎಂದರೆ ಕೆಂಗೇರಿಗೆ ಮುಂಗಡ ಕೊಡಿ. ಬಿಡಬಲ್ಲೆ ಎಂದು ಅವರೂ, ಬದಲಿಸಬಹುದು ಎಂದು ವೈದ್ಯರೂ ಹೇಳಿ, ಹಗಲಿನ ಪಾಳಿಯೂ ಸಿಕ್ಕಿದರೆ ಬೊಮ್ಮಸಂದ್ರಕ್ಕೆ ಕೊಡಿ.